ಐವತ್ತೆರಡನೆಯ ರಾತ್ರಿ

ಬರ್ಕನ್‌ಹೆಡ್‌ನಲ್ಲಿ, ನದಿಗೆ ಬೆನ್ನು ಹಾಕಿ ನಿಂತ ಕಚೇರಿಯ
ಮೂರನೇ ಮಹಡಿಯಲ್ಲಿ ನನ್ನ ಕುರ್ಚಿ.
ಬೇರೆಯಾದ ಅಪ್ಪ ಅಮ್ಮಂದಿರ ನಡುವೆ
ಮಗುವಿನ ಖರ್ಚು ಹಂಚುವುದು ಕೆಲಸ.
ಹತ್ತೊಂಬತ್ತು ವರ್ಷವಾಯಿತು.
ಎಡಗಿವಿ ಸ್ವಲ್ಪ ಮಂದವಾಗಿದೆ.

ಮಗು ಅಪ್ಪನ ಮನೆಯಲ್ಲಿ
ವರ್ಷಕ್ಕೆ ಐವತ್ತೆರಡು ರಾತ್ರಿ ಮಲಗಿದರೆ
ಅವನು ಕೊಡುವುದರಲ್ಲಿ ಏಳನೇ ಒಂದು ಪಾಲು ಕಡಿತ.
ಐವತ್ತೊಂದಾದರೆ ಇಲ್ಲ.
ಆ ಒಂದು ರಾತ್ರಿಗಾಗಿ
ಗಂಡಸರು ನನ್ನ ಕಿವಿಯೊಳಗೆ ಅತ್ತಿದ್ದಾರೆ, ಬೈದಿದ್ದಾರೆ.
"ಜ್ವರ ಬಂತು ಅಂತ ಹನ್ನೊಂದು ಗಂಟೆಗೆ ಅವಳಮ್ಮನ ಹತ್ರ ಬಿಟ್ಟೆ.
ಅದು ರಾತ್ರಿಯೋ ಅಲ್ಲವೋ?"
ಕೈಪಿಡಿ ತಿರುವಿದೆ.
ಜ್ವರಕ್ಕೆ ಅಲ್ಲಿ ಪುಟವಿಲ್ಲ.

ಹಗಲಿಗಂತೂ ಬೆಲೆಯೇ ಇಲ್ಲ.
ಹೇನು ಬಾಚಿದ್ದು, ಮಗ್ಗಿ ಒಪ್ಪಿಸಿಕೊಂಡದ್ದು,
ಬಸ್ಸಿನಲ್ಲಿ ಬಿಟ್ಟ ಒಂಟಿ ಕೈಗವಸಿಗೆ
ಡಿಪೋವರೆಗೂ ನಡೆದದ್ದು
ಯಾವ ಕಾಲಮ್ಮಿಗೂ ಇಳಿಯುವುದಿಲ್ಲ.

ಹೆಸ್ವಾಲ್‌ನ ಒಬ್ಬ ಮಹಾಶಯ, ಹೆಸರು ಬೇಡ.
ಕಂಪನಿ ಅವನದು. ಕಾರು ಕಂಪನಿಯದು.
ದೋಣಿ ಕಂಪನಿಯದು. ನಾಯಿಯೂ ಇರಬೇಕು,
ಕಾವಲಿನ ಖರ್ಚಿನಲ್ಲಿ.
ತೆರಿಗೆಯವರು ಕಳಿಸಿದ ಅಂಕಿಯ ಪ್ರಕಾರ
ಅವನು ನನಗಿಂತ ಬಡವ.
ಗುಂಡಿ ಒತ್ತಿದೆ.
ಯಂತ್ರ ಅವನಿಗಾಗಿ ಮರುಗಿತು.

ನನ್ನಪ್ಪ ಹಡಗಿನವನು. ಪೋಸ್ಟ್‌ಕಾರ್ಡು ಕಳಿಸಿದ,
ವಾಲ್ಪರೈಸೊ, ಲಾಗೋಸ್, ಆಮೇಲೆ ಎಲ್ಲಿಂದಲೂ ಇಲ್ಲ.
ಸೋಮವಾರ ಅಮ್ಮ ಪೋಸ್ಟಾಫೀಸಿನ ಕಿಟಕಿಗೆ
ಮಕ್ಕಳ ಭತ್ಯೆಯ ಪುಸ್ತಕ ಚಾಚುವಳು,
ಗುಮಾಸ್ತ ಒಂದು ಹಾಳೆ ಹರಿದುಕೊಂಡು
ನೋಟು ತಳ್ಳುವನು, ಮುಖ ನೋಡದೆ.
"ಯಾರ ದುಡ್ಡು ಇದು?" ಕೇಳಿದೆ, ಆರು ವರ್ಷಕ್ಕೆ.
"ಎಲ್ಲರದು," ಎಂದಳು, ಕೈಚೀಲದ ಕೊಂಡಿ ಹಾಕುತ್ತ.
ಎಲ್ಲರದು!
ಮನೆತನಕ ಎಲ್ಲರನ್ನೂ ದಿಟ್ಟಿಸುತ್ತ ಬಂದೆ:
ಮೀನಿನಂಗಡಿಯ ಕೆಂಪು ಕೈಯವ,
ಸೀಟಿ ಕಚ್ಚಿಕೊಂಡ ಪೊಲೀಸಪ್ಪ,
ನಮ್ಮನ್ನು ಕಂಡರೆ ಪರದೆ ಎಳೆಯುವ ಮಿಸೆಸ್ ಥ್ರೆಲ್‌ಫಾಲ್.
ಇವರಲ್ಲಿ ನನ್ನ ಬೂಟಿನ
ಎಡಗಾಲು ಕೊಡಿಸಿದವರು ಯಾರು, ಬಲಗಾಲು ಯಾರು?

ಮಾರ್ಚಿಯಲ್ಲಿ ಓಕೆಲ್ ಫೋನು ಮಾಡಿದ.
ಸಾರುವೆ ಕಟ್ಟುವವನು, ಹಿಂದೆ ಗಾಳಿಯ ಸದ್ದು,
ಯಾರೋ ಮೇಲಿನಿಂದ ಕೊಳವೆ ಕೇಳುತ್ತಿದ್ದರು.
ಸಂತನೇನಲ್ಲ. ಅವನು ಕುಡಿಯುತ್ತಿದ್ದ ಕಾಲದ ಬಾಕಿಗೆ
ನೋಟಿಸು ಕಳಿಸಿದ ಸಹಿ ನನ್ನದೇ.
"ಟೆಗನ್ ಈಗ ಶನಿವಾರ ನಮ್ಮನೇಲಿ ಮಲಗ್ತಾಳೆ.
ಪ್ರತೀ ಶನಿವಾರ," ಎಂದ.
ಐವತ್ತೆರಡು. ಏಳನೇ ಒಂದು. ಬೆರಳು ಆಗಲೇ ಹೊರಟಿತ್ತು.
"ಅದನ್ನ ಕಡಿಬೇಡಿ. ಅವಳು ಬರೋದು
ನನಗೆ ರಿಯಾಯಿತಿ ಅಲ್ಲ."

ಕಡಿತ ಬೇಡ ಎನ್ನುವುದಕ್ಕೆ ಪರದೆಯಲ್ಲಿ ಚೌಕವಿಲ್ಲ.
ಮೇಲಿನವಳನ್ನು ಕೇಳಿದೆ. ಅವಳು ಮೇಲಿನವನನ್ನು ಕೇಳಿದಳು.
ಹೆಚ್ಚು ಕೊಡುವ ಅಪ್ಪನಿಗೆ ನಮ್ಮಲ್ಲಿ
ಇನ್ನೂ ನಮೂನೆ ಅಚ್ಚಾಗಿಲ್ಲ.
"ಹಂಗಾದ್ರೆ ಐವತ್ತೊಂದು ಅಂತ ಬರೀರಿ," ಎಂದ ಓಕೆಲ್.
ಸುಮ್ಮನಿದ್ದ. ಕೊಳವೆ ಕೊಳವೆಗೆ ತಾಗಿ ಠಣ್ಣೆಂದಿತು.
"ಒಂದು ರಾತ್ರಿ ಬಿಟ್ಟುಕೊಟ್ಟೆ ಅಂತ
ಅವಳಿಗೆ ಮಾತ್ರ ಗೊತ್ತಾಗಬಾರದು."

ಬರೆದೆ.
ಸುಳ್ಳು, ಹೌದು. ಪರದೆ ಹಸಿರಾಯಿತು.

ಅಂದಿನಿಂದ ಶನಿವಾರ ದೀಪ ಆರಿಸುವಾಗ ಅನ್ನಿಸುತ್ತದೆ:
ಎಲ್ಲೋ ಒಂದು ಸೋಫಾದ ಮೇಲೆ,
ಅಪ್ಪನ ಸುಣ್ಣದ ವಾಸನೆಯ ಕೋಟು ಹೊದ್ದು,
ಯಾವ ಸರಕಾರಕ್ಕೂ ಸಿಗದ ರಾತ್ರಿಯೊಳಗೆ
ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ ಒಬ್ಬ ಹುಡುಗಿ.

ತಿಂಗಳ ಕೊನೆಗೆ ನನ್ನ ಸಂಬಳದ ಚೀಟಿ.
ತೆರಿಗೆ ಹಿಡಿದ ಸಾಲು ಮೊದಲು ನೋಡುತ್ತೇನೆ, ಹಳೇ ಚಾಳಿ.
ಇಷ್ಟಕ್ಕೆ ಬೂಟು ಬಂದೀತೇ ಯಾರಿಗಾದರೂ?
ಒಂದು ಜೊತೆ ಬರಲಾರದು, ಅಷ್ಟು ಕೈ ತಾಗಿ ಹೋಗುವ ಹಣ.
ಒಂಟಿ ಬೂಟಾದರೂ? ಅದೂ ಅನುಮಾನ.
ಎಡಗಾಲಿನದೊಂದು ಲೇಸು ಬಂದೀತು.
ಅಷ್ಟಾದರೂ ಲೇಸು.